ಇಂಗ್ಲಿಷ್ ಬರೆಯುವಾಗ ಯಾವ ತಪ್ಪಿಗೆ ಎಷ್ಟು ತೂಕ?

12 ಮಾರ್ಚ್ 2025, ಬುಧವಾರ

ಇಂಗ್ಲಿಷಿನಲ್ಲಿ ಬರೆಯುವಾಗ ವ್ಯಾಕರಣ ಎಷ್ಟು ಮುಖ್ಯ ಎಂದು ಕೇಳಿದರೆ ಒಂದೇ ಮಾತಿನ ಉತ್ತರ ಸಿಗದು. ಅರ್ಥವನ್ನೇ ಕೆಡಿಸುವ ತಪ್ಪು ಬೇರೆ, ಓದುವವರು ಒಂದು ಕ್ಷಣ ಎಡವುವಂಥ ತಪ್ಪು ಬೇರೆ. ತಿದ್ದಲು ಹತ್ತೇ ನಿಮಿಷ ಇದ್ದರೆ ಮೊದಲ ಬಗೆಯದನ್ನೇ ಹುಡುಕಬೇಕು.

ಕನ್ನಡದಲ್ಲಿ ಯೋಚಿಸಿ ಬರೆಯುವವರಿಗೆ ಹೆಚ್ಚಾಗಿ ಕೈಕೊಡುವುದು ಕ್ರಿಯಾಪದದ ಕಾಲ. 'ಐ ವರ್ಕ್ಡ್ ಹಿಯರ್ ಫಾರ್ ಫೈವ್ ಇಯರ್ಸ್' ಅಂದರೆ ಐದು ವರ್ಷ ದುಡಿದು ಬಿಟ್ಟಾಯಿತು ಎಂದರ್ಥ. ಈಗಲೂ ಅಲ್ಲೇ ಇರುವವರು ಅರ್ಜಿಯಲ್ಲಿ ಹೀಗೆ ಬರೆದರೆ ಕೆಲಸ ಬಿಟ್ಟಿದ್ದಾರೆಂದೇ ಓದುವವರು ತಿಳಿಯುತ್ತಾರೆ. 'ಐ ಹ್ಯಾವ್ ವರ್ಕ್ಡ್' ಎಂದರೆ ಸರಿಹೋಯಿತು. ಇದರ ತಿರುಗುಮುರುಗು ತಪ್ಪೂ ಉಂಟು. 'ನಿನ್ನೆ ಕಳಿಸಿದ್ದೇನೆ' ಎಂಬುದು ಒಳ್ಳೆಯ ಕನ್ನಡವೇ, ಆದರೆ 'ಐ ಹ್ಯಾವ್ ಸೆಂಟ್ ಇಟ್ ಯೆಸ್ಟರ್ಡೇ' ಎಂಬುದನ್ನು ಇಂಗ್ಲಿಷ್ ಒಪ್ಪುವುದಿಲ್ಲ. ಮುಗಿದುಹೋದ ಹೊತ್ತನ್ನು ಹೆಸರಿಸಿದ ಮೇಲೆ 'ಹ್ಯಾವ್' ಬೇಡ. ಇಲ್ಲಿ ಅರ್ಥವೇನೂ ಕೆಡದು, ಓದು ಮಾತ್ರ ಮುಗ್ಗರಿಸುತ್ತದೆ.

'ಎ', 'ದಿ' ಎಲ್ಲಿ ಬರಬೇಕೆಂಬ ಗೊಂದಲಕ್ಕೆ ಕನ್ನಡದಲ್ಲೇ ಒಂದು ಒರೆಗಲ್ಲು ಇದೆ. 'ಪುಸ್ತಕ ಓದಿದೆ' ಅಂದಾಗ ಅದು ಯಾವ ಪುಸ್ತಕವೂ ಇರಬಹುದು, 'ಪುಸ್ತಕವನ್ನು ಓದಿದೆ' ಅಂದಾಗ ಸಾಮಾನ್ಯವಾಗಿ ಇಬ್ಬರಿಗೂ ಗೊತ್ತಿರುವ ಪುಸ್ತಕ. ಮನಸ್ಸಿನಲ್ಲಿ 'ಆ' ಸೇರಿಸಿ ನೋಡಿ, ಕೂತರೆ 'ದಿ', 'ಯಾವುದೋ ಒಂದು' ಕೂತರೆ 'ಎ'. ಎಲ್ಲ ಕಡೆಗೂ ಇದು ಸಾಲದು, ಆದರೂ ಬಹಳಷ್ಟು ವಾಕ್ಯಗಳು ಇಷ್ಟರಲ್ಲೇ ನೆಟ್ಟಗಾಗುತ್ತವೆ.

ಕಾಮಾ ವಿಷಯದಲ್ಲಿ ಅಮೆರಿಕದ ಮೇಯ್ನ್ ರಾಜ್ಯದ ಮೊಕದ್ದಮೆಯನ್ನು ನೆನೆಯಬೇಕು. ಅಲ್ಲಿನ ಕಾನೂನು ಆಹಾರ ಪದಾರ್ಥಗಳ ಕೆಲವು ಕೆಲಸಗಳಿಗೆ ಓವರ್‌ಟೈಮ್ ಸಂಬಳ ಇಲ್ಲ ಎಂದು ಪಟ್ಟಿ ಮಾಡಿತ್ತು. ಆ ಪಟ್ಟಿಯ ಕೊನೆಯಲ್ಲಿತ್ತು 'ಪ್ಯಾಕಿಂಗ್ ಫಾರ್ ಶಿಪ್‌ಮೆಂಟ್ ಆರ್ ಡಿಸ್ಟ್ರಿಬ್ಯೂಷನ್'. 'ಆರ್' (ಅಥವಾ) ಪದದ ಮೊದಲು ಕಾಮಾ ಇರಲಿಲ್ಲ. ಹಾಗಾಗಿ ಇದು ಪ್ಯಾಕಿಂಗ್ ಎಂಬ ಒಂದೇ ಕೆಲಸ, ಹಂಚುವುದು ಪಟ್ಟಿಯಲ್ಲಿಲ್ಲ, ಆದ್ದರಿಂದ ಹಂಚುವ ತಮಗೆ ಓವರ್‌ಟೈಮ್ ಸಿಗಬೇಕು ಎಂದು ಹಾಲಿನ ಡೈರಿಯ ಚಾಲಕರು ವಾದಿಸಿದರು. ಮಾತು ಅಸ್ಪಷ್ಟವಾಗಿದೆ ಎಂದ ಮೇಲ್ಮನವಿ ನ್ಯಾಯಾಲಯ 2017ರಲ್ಲಿ ಅವರ ಪರ ನಿಂತಿತು. ಮರುವರ್ಷ 50 ಲಕ್ಷ ಡಾಲರಿಗೆ ರಾಜಿಯಾಯಿತು.

ವಾಕ್ಯದ ಕೊನೆಗೆ 'ವಿತ್', 'ಫಾರ್' ಬರಬಾರದು, 'ಆ್ಯಂಡ್' ಎಂದು ಶುರುಮಾಡಬಾರದು ಎಂಬ ನಿಯಮಗಳಿಗೆ ತಲೆ ಕೆಡಿಸಿಕೊಳ್ಳಬೇಡಿ. ಇಂಗ್ಲಿಷಿನ ಒಳ್ಳೆಯ ಲೇಖಕರೇ ಅವನ್ನು ಪಾಲಿಸಿಲ್ಲ.

ತಿದ್ದುವಾಗ ಕೊನೆಯ ವಾಕ್ಯದಿಂದ ಮೇಲಕ್ಕೆ ಓದಿ, ಆಗ ಕಥೆಯ ಓಟ ಕಣ್ಣನ್ನು ಎಳೆದೊಯ್ಯುವುದಿಲ್ಲ. ಪ್ರತಿ ಕ್ರಿಯಾಪದಕ್ಕೂ ಕರ್ತೃ ಯಾವುದೆಂದು ಬೆರಳಿಟ್ಟು ತೋರಿಸಿ. 'ದಿ ಲಿಸ್ಟ್ ಆಫ್ ನೇಮ್ಸ್ ಆರ್' ಎಂಬಲ್ಲಿ ನಡುವಿನ 'ಆಫ್ ನೇಮ್ಸ್' ಮುಚ್ಚಿದರೆ 'ಇಸ್' ಬೇಕೆಂಬುದು ತಾನೇ ಕಾಣುತ್ತದೆ. ಇಂಥದನ್ನು ಕಂಪ್ಯೂಟರಿನ ತಪ್ಪುಶೋಧಕವೂ ಸಾಮಾನ್ಯವಾಗಿ ಹಿಡಿಯುತ್ತದೆ. 'ಐ ವರ್ಕ್ಡ್ ಹಿಯರ್' ಎಂಬುದನ್ನು ಮಾತ್ರ ಅದು ಹಾಗೇ ಬಿಡುತ್ತದೆ. ವ್ಯಾಕರಣದ ಲೆಕ್ಕದಲ್ಲಿ ಆ ವಾಕ್ಯ ಸರಿ, ಬರೆದವರು ಇನ್ನೂ ಅದೇ ಕೆಲಸದಲ್ಲಿದ್ದಾರೆಂಬುದು ಯಂತ್ರಕ್ಕೆ ತಿಳಿಯದು.