ಕಾರು ಹಿಂದಕ್ಕೆ ತಗೊಂಡು ಬಾ

"ಕಾರು ಹಿಂದಕ್ಕೆ ತಗೊಂಡು ಬಾ ಮಾರಾಯ, ಅಷ್ಟು ಸಾಕು." ಶನಿವಾರ ಬೆಳಿಗ್ಗೆ ರೇಸಿಗೆ ಹೊರಟ ಗೆಳೆಯನ ಬೆಲ್ಟ್ ಬಿಗಿಯುತ್ತಾ ನಾನು ಹೇಳಿದ್ದು ಇಷ್ಟೇ. ಮುಕ್ಕಾಲು ಗಂಟೆಯೊಳಗೆ ಕಪ್ಪು ಬಾವುಟ ತೋರಿಸಿ ಅವನನ್ನು ಒಳಗೆ ಕರೆಸಿಬಿಟ್ಟರು.

ಕ್ಯಾಲಿಫೋರ್ನಿಯಾದ ವಿಲ್ಲೋಸ್ ಹತ್ತಿರದ ಥಂಡರ್‌ಹಿಲ್ ಟ್ರ್ಯಾಕ್. 2006ರಲ್ಲಿ ಶುರುವಾದ '24 ಅವರ್ಸ್ ಆಫ್ ಲೆಮನ್ಸ್' ರೇಸ್. ಕಾರಿನ ಖರ್ಚು 500 ಡಾಲರ್ ದಾಟಬಾರದು ಅನ್ನುವುದು ಅದರ ಹೆಸರಾಂತ ನಿಯಮ. ರೋಲ್ ಕೇಜ್ (ಕಾರು ಮಗುಚಿದರೆ ಒಳಗಿನವರನ್ನು ಕಾಪಾಡುವ ಕಂಬಿಗಳ ಚೌಕಟ್ಟು), ಸೀಟು, ಬೆಲ್ಟು, ಬ್ರೇಕು ಆ ಲೆಕ್ಕಕ್ಕೆ ಬರುವುದಿಲ್ಲ, ಪ್ರಾಣದ ವಿಷಯದಲ್ಲಿ ಅಗ್ಗ ನಡೆಯುವುದಿಲ್ಲ. ನಮ್ಮದು ಹಳೇ ಸಿವಿಕ್, ಓಡಿಸುವವರು ನಾಲ್ಕು ಜನ.

ಶಿವಮೊಗ್ಗದ ಈ ಗೆಳೆಯ ಮಾತ್ರ ಸ್ಪ್ರಿಂಟ್ ರೇಸ್‌ನವನು. ಎಸ್‌ಸಿಸಿಎ ಅನ್ನುವ ಅಮೆರಿಕದ ಕಾರ್ ಕ್ಲಬ್‌ನ 'ಸ್ಪೆಕ್ ಮಿಯಾಟಾ' ವರ್ಗದಲ್ಲಿ ಮಜ್ದಾ ಮಿಯಾಟಾ ಓಡಿಸುತ್ತಾನೆ. ಅಲ್ಲಿ ಎಲ್ಲರದೂ ಹೆಚ್ಚುಕಮ್ಮಿ ಒಂದೇ ಥರದ ಕಾರು, ರೇಸ್ ಮುಗಿಯುವುದು ಅರ್ಧ ಗಂಟೆಯ ಆಸುಪಾಸಿನಲ್ಲಿ. ಯಾರು ಎಲ್ಲಿಂದ ಹೊರಡಬೇಕು ಅಂತ ತೀರ್ಮಾನಿಸುವ ಕ್ವಾಲಿಫೈಯಿಂಗ್‌ನಲ್ಲಿ ಹಿಂದೆ ಬಿದ್ದರೆ ಮೊದಲ ತಿರುವಿನಲ್ಲೇ ನುಗ್ಗಬೇಕು, ಆಮೇಲೆ ಅವಕಾಶ ಸಿಗುತ್ತೋ ಇಲ್ವೋ. ಅವನ ಕೈ ನಿಜಕ್ಕೂ ಚುರುಕು. ಆದರೆ ಬ್ರೇಕ್ ತೀರಾ ತಡವಾಗಿ ಹಾಕುತ್ತಾನೆ, ಜಾಗ ಬಿಡುವುದು ಸೋತ ಹಾಗೆ ಅಂದುಕೊಂಡಿದ್ದಾನೆ. ಇದನ್ನು ಅವನ ಮುಖಕ್ಕೇ ಹೇಳಿದ್ದೇನೆ.

ಲೆಮನ್ಸ್‌ನಲ್ಲಿ ಕ್ವಾಲಿಫೈಯಿಂಗೇ ಇಲ್ಲ. ಎಲ್ಲ ಕಾರುಗಳೂ ಹಳದಿ ಬಾವುಟದಡಿ ನಿಧಾನಕ್ಕೆ ಸುತ್ತುತ್ತಿರುವಾಗ ಯಾವಾಗಲೋ ಹಸಿರು ಬಾವುಟ ಬಿದ್ದು ರೇಸ್ ಶುರುವಾಗುತ್ತದೆ. ಇನ್ನೊಂದು ಕಾರಿಗೆ ತಾಗಿತೋ, ಇಬ್ಬರೂ ಒಳಗೆ ಬರಬೇಕು.

"ತಪ್ಪು ನಂದಲ್ಲ ಕಣೋ, ಅವನೇ ದಾರಿ ಮುಚ್ಚಿದ!" ಎಂದು ಕೂಗುತ್ತಲೇ ಗೆಳೆಯ ಇಳಿದ. ಯಾರ ತಪ್ಪು ಅಂತ ಅಲ್ಲಿ ಯಾರೂ ಕೇಳಲೇ ಇಲ್ಲ. ಅವನಿಗೆ ಅದೇ ಜಾಸ್ತಿ ಚುಚ್ಚಿದ್ದು.

ಸಂಜೆ ನೋಡಿದರೆ ರೇಡಿಯೇಟರ್ ಸೋರುತ್ತಿತ್ತು. ಎರಡು ಶೆಡ್ ಆಚೆಯ ತಂಡ, ಪಟ್ಟಿಯಲ್ಲಿ ನಮಗಿಂತ ಮುಂದಿದ್ದವರು, ತಮ್ಮ ಹತ್ತಿರ ಹೆಚ್ಚಿಗೆ ಇದ್ದದ್ದನ್ನು ತಂದುಕೊಟ್ಟರು. "ಸ್ಪ್ರಿಂಟ್‌ನಲ್ಲಿ ಹೀಗೆ ಕೊಡ್ತಾರಾ?" ಅಂದೆ. "ಕೊಡ್ತಾರೆ, ನಂಗೇ ಕೊಟ್ಟಿದ್ದಾರೆ" ಎಂದ ಸಿಟ್ಟಿನಲ್ಲಿ. ನಾನು ಹಾಗೆ ಕೇಳಬಾರದಿತ್ತು. ರಾತ್ರಿ ಹನ್ನೊಂದರವರೆಗೂ ಟಾರ್ಚ್ ಹಿಡಿದು ನಿಂತವನು ಅವನೇ.

ಭಾನುವಾರ ಅವನಿಗೆ ಮತ್ತೆ ಎರಡು ಗಂಟೆ ಸಿಕ್ಕಿತು. ವೇಗದ ಕಾರು ಬಂದರೆ ಪಕ್ಕಕ್ಕೆ ಸರಿದ, ಟೆಂಪರೇಚರ್ ಮುಳ್ಳು ಏರಿದಾಗ ಕಾಲು ಎತ್ತಿದ. ಪಿಟ್‌ಗೆ ಬಂದು ಇಳಿದವನು ನೀರು ಕೂಡ ಕುಡಿಯಲಿಲ್ಲ. ನಮ್ಮ ಕೊನೆಯ ಡ್ರೈವರ್ ಒಳಗೆ ಕೂತಾಗ ಕಿಟಕಿಯಿಂದ ಬಗ್ಗಿ ಅವಳ ಬೆಲ್ಟ್ ತಾನೇ ಬಿಗಿದ. "ಮೂರನೇ ಗೇರ್ ಹಠ ಮಾಡುತ್ತೆ, ಒತ್ತಬೇಡ, ಎರಡು ಸಲ ಕ್ಲಚ್ ಹಾಕು" ಎಂದು ಇಂಗ್ಲಿಷಿನಲ್ಲಿ ಹೇಳಿದ, ಮತ್ತೆ ಹೇಳಿದ.

ಈ ವಾರವೆಲ್ಲ ನನ್ನ ಕಣ್ಣ ಮುಂದೆ ಬರುತ್ತಿರುವುದು ಆ ಬಗ್ಗಿದ ಬೆನ್ನೇ. ಸ್ಪ್ರಿಂಟ್‌ನಲ್ಲಿ ಬಾವುಟ ಬಿದ್ದ ಮೇಲೆ ಕಾರು ಅವನೊಬ್ಬನದು, ಯಾರ ಕೈಗೂ ದಾಟಿಸಬೇಕಿಲ್ಲ. ಕೆಲಸದಲ್ಲಿ ಎಷ್ಟು ಸಲ ನಾನು ಅರ್ಧ ಮಾಡಿದ್ದನ್ನು ಮುಂದಿನವರ ಮೇಜಿಗೆ ಸುಮ್ನೆ ತಳ್ಳಿ ಮನೆಗೆ ಹೋಗಿದ್ದೇನೆ, ಯಾವ ಗೇರ್ ಹಠ ಮಾಡುತ್ತದೆ ಅಂತಲೂ ಹೇಳದೆ.

ವಾಪಸ್ ಬರುವಾಗ ದಾರಿಯಲ್ಲಿ ಅವನು ಕೇಳಿದ: "ನನ್ನ ಕೈಗೆ ಕಾರು ಕೊಡುವಾಗ ನಿಂಗೂ ಹೀಗೇ ಭಯ ಆಗಿತ್ತಾ?"

ಆಗಿತ್ತು ಅಂದೆ.