ವಕೀಲಿ ಬಿಟ್ಟು ಕೌಬಾಯ್ ಕತೆ ಯಾಕೆ ಬರೆದ?

'ದಿ ವರ್ಜೀನಿಯನ್' ಎಂಬ ಕೌಬಾಯ್ ಕಾದಂಬರಿ ಬರೆದ ಅಮೆರಿಕದ ಓವೆನ್ ವಿಸ್ಟರ್ ಹೆಸರೆತ್ತಿದರೆ ಸಾಕು, ಕೋರ್ಟಿನ ವಕೀಲರ ಕೋಣೆಯಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಹಾರ್ವರ್ಡ್‌ನಲ್ಲಿ ಲಾ ಓದಿದವನು ಅದನ್ನು ಬಿಟ್ಟು ಕೌಬಾಯ್ ಕತೆ ಯಾಕ್ರೀ ಬರೆದ?" ಹೇಳಿ ಹೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆಲ್ಲ ಇದನ್ನೇ ಕಳಿಸುತ್ತೇನೆ.

ಮೊದಲು ತಾರೀಖು ನೋಡಿಕೊಳ್ಳಿ. ವಿಸ್ಟರ್ 1860ರಲ್ಲಿ ಹುಟ್ಟಿದ, ಫಿಲಡೆಲ್ಫಿಯದ ಡಾಕ್ಟರರ ಮಗ. ಅವನಿಗೆ ಬೇಕಾಗಿದ್ದದ್ದು ಸಂಗೀತ. ಯುರೋಪಿಗೆ ಹೋಗಿ ಹೆಸರಾಂತ ಸಂಗೀತಗಾರ ಲಿಸ್ಟ್ ಎದುರು ಪಿಯಾನೋ ನುಡಿಸಿ ಬಂದವನು. ಅಪ್ಪನಿಗೆ ಅದು ಹಿಡಿಸಲಿಲ್ಲ. ಬಾಸ್ಟನ್ನಿನಲ್ಲಿ ನೌಕರಿಗೆ ಸೇರಿದ, ಆರೋಗ್ಯ ಕೆಟ್ಟಿತು. ವೈದ್ಯರು ಹೇಳಿದರೆಂದು 1885ರ ಬೇಸಿಗೆಯಲ್ಲಿ ಪಶ್ಚಿಮ ಅಮೆರಿಕದ ದನಗಾಹಿ ನಾಡು ವಯೋಮಿಂಗ್‌ಗೆ ಹೋದ. ಲಾ ಸ್ಕೂಲ್ ಸೇರಿದ್ದು ಅಲ್ಲಿಂದ ವಾಪಸು ಬಂದ ಮೇಲೆ, ಪದವಿ 1888ರಲ್ಲಿ. ಹುಲ್ಲುಗಾವಲು ಮೊದಲು, ಸನದು ಆಮೇಲೆ. ಇದರಲ್ಲಿ "ಬಿಟ್ಟು" ಎಲ್ಲಿಂದ ಬಂತು?

ಒಮ್ಮೆ ನಮ್ಮ ಸೀನಿಯರ್ ಒಬ್ಬರು, "ಕಕ್ಷಿದಾರರು ಸಿಕ್ಕಿರಲಿಕ್ಕಿಲ್ಲ ಬಿಡಿ" ಅಂದರು. ಎಲ್ಲರೂ ನಕ್ಕರು. ನನಗೆ ಮೈ ಉರಿಯಿತು. ಕೇಸಿಲ್ಲದವರು ಮಾಡುವ ಕೆಲಸ ಬರವಣಿಗೆ ಎಂದು ಈ ಜನಕ್ಕೆ ಹೇಳಿಕೊಟ್ಟವರು ಯಾರು? 'ದಿ ವರ್ಜೀನಿಯನ್' ಬಂದದ್ದು 1902ರಲ್ಲಿ, ಆಮೇಲಿನ ಕೌಬಾಯ್ ನಾಯಕರೆಲ್ಲ ಅದರ ಋಣದಲ್ಲಿದ್ದಾರೆ. ಅದನ್ನು ಓದದೆ ನಗುವವರ ಜೊತೆ ನಾನು ಟೀ ಕೂಡ ಕುಡಿಯಲಾರೆ.

ಓದಿದ್ದರೆ ಅವರು ಬೇರೆಯೇ ಪ್ರಶ್ನೆ ಕೇಳುತ್ತಿದ್ದರು: ಕಾನೂನು ಕಲಿತವನು ಆ ನೇಣಿನ ಅಧ್ಯಾಯವನ್ನು ಹೇಗೆ ಬರೆದ?

ಕತೆಯಲ್ಲಿ ನಾಯಕ ದನ ಕದ್ದವರನ್ನು ವಿಚಾರಣೆಯಿಲ್ಲದೆ ನೇಣಿಗೆ ಹಾಕುತ್ತಾನೆ. ಸತ್ತವರಲ್ಲಿ ಸ್ಟೀವ್ ಒಬ್ಬ, ನಾಯಕನ ಹಳೆಯ ಗೆಳೆಯ. ಶಾಲಾ ಶಿಕ್ಷಕಿ ಮಾಲಿ ಇದು ಕೊಲೆಯಲ್ಲವೇ ಎಂದು ಕೇಳಿದಾಗ ಉತ್ತರ ಕೊಡುವವನು ಜಡ್ಜ್ ಹೆನ್ರಿ, ಹಿಂದೆ ಫೆಡರಲ್ ನ್ಯಾಯಾಧೀಶನಾಗಿದ್ದವನು. ಕೋರ್ಟಿನ ಅಧಿಕಾರ ಜನ ಕೊಟ್ಟದ್ದು, ತೀರ್ಪು ಕೊಡಲು ಕೂರುವ ಸಾಮಾನ್ಯ ಜನರ ತಂಡವಾದ ಜ್ಯೂರಿ ಕಳ್ಳರನ್ನು ಬಿಟ್ಟು ಕಳಿಸುತ್ತಿದ್ದರೆ ಜನ ಅದನ್ನು ಹಿಂದಕ್ಕೆ ಪಡೆಯಬಹುದು, ಇದು ಕಾನೂನಿನ ಉಲ್ಲಂಘನೆಯೇ ಅಲ್ಲ ಎಂಬುದು ಅವನ ವಾದ. ಅಮೆರಿಕದ ದಕ್ಷಿಣದಲ್ಲಿ ಗುಂಪುಗೂಡಿ ಕರಿಯರನ್ನು ಸುಡುವುದು ಬೇರೆ, ಇದು ಬೇರೆ ಅಂತಲೂ ಹೇಳುತ್ತಾನೆ. ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ವಾದ. ವಕೀಲನಲ್ಲದವನಿಗೆ ಹೀಗೆ ಬರೆಯಲು ಬರುವುದಿಲ್ಲ. ಅದಕ್ಕೇ ನನಗೆ ಭಯ.

ಏಕೆಂದರೆ ಅದು ಬರೀ ಕತೆಯಾಗಿರಲಿಲ್ಲ. 1885ರಲ್ಲಿ ವಿಸ್ಟರ್ ಉಳಿದುಕೊಂಡದ್ದು ಮೇಜರ್ ಫ್ರಾಂಕ್ ವೊಲ್ಕಾಟ್‌ನ ರಾಂಚಿನಲ್ಲಿ, ಅಂದರೆ ದನ ಸಾಕುವ ದೊಡ್ಡ ಜಮೀನಿನಲ್ಲಿ. 1892ರ ಏಪ್ರಿಲ್‌ನಲ್ಲಿ ಅದೇ ವೊಲ್ಕಾಟ್, ದೊಡ್ಡ ದನದ ಮಾಲೀಕರು ಟೆಕ್ಸಾಸಿನಿಂದ ಕರೆಸಿದ ಬಂದೂಕುಧಾರಿಗಳನ್ನು, ಕಳ್ಳರೆಂದು ತಾವೇ ಹೆಸರಿಸಿದವರನ್ನು ಮುಗಿಸಲು, ವಯೋಮಿಂಗ್‌ನ ಜಾನ್ಸನ್ ಕೌಂಟಿಗೆ ಕರೆದೊಯ್ದ. ಅಲ್ಲಿನ ಕೆಸಿ ರಾಂಚಿನಲ್ಲಿ, ದನಗಳ್ಳನೆಂಬ ಆರೋಪ ಹೊತ್ತಿದ್ದ ನೇಟ್ ಚಾಂಪಿಯನ್ ಗಂಟೆಗಟ್ಟಲೆ ಹೋರಾಡಿದ, ನಡುನಡುವೆ ಪುಸ್ತಕದಲ್ಲಿ ನಡೆದದ್ದನ್ನು ಗೀಚಿಡುತ್ತಿದ್ದ. ಕೊನೆಗೆ ಮನೆಗೆ ಬೆಂಕಿಯಿಟ್ಟು, ಹೊರಗೆ ಓಡಿದವನನ್ನು ಗುಂಡಿಟ್ಟು ಕೊಂದರು. ಜನ ತಿರುಗಿಬಿದ್ದು ಮುತ್ತಿಗೆ ಹಾಕಿದಾಗ ಕೊಂದವರನ್ನು ಕಾಪಾಡಿದ್ದು ಸೈನ್ಯ. ಮುಂದಿನ ವರ್ಷ ಕೇಸೇ ವಜಾ ಆಯಿತು. ದೊಡ್ಡವರೇ ಬಿಡುಗಡೆಯಾಗಿ ಹೋದ ಆ ನಾಡಿನಲ್ಲಿ ಜ್ಯೂರಿಯ ಬಗ್ಗೆ ದೂರುವ ಹಕ್ಕು ಜಡ್ಜ್ ಹೆನ್ರಿಗೆ ಎಲ್ಲಿಂದ ಬಂತು?

ಇಡೀ ಅಧ್ಯಾಯದಲ್ಲಿ ಮಾಲಿಗೆ ಒಂದು ಗಟ್ಟಿ ಪಾಯಿಂಟ್ ಕೂಡ ಕೊಟ್ಟಿಲ್ಲ. ಸ್ಟೀವ್ ಪರ ವಕಾಲತ್ತು ಹಾಕುವವರೇ ಇಲ್ಲ. ಎದುರು ಪಕ್ಷಕ್ಕೂ ಮಾತಿರಬೇಕು ಎಂದು ಕಲಿತ ವಿಸ್ಟರ್ ಅದನ್ನು ಯಾಕೆ ಬರೆಯಲಿಲ್ಲ? ಅದನ್ನು ಕೇಳಿ, ಕಲಾಪ ಮುಗಿದ ಮೇಲೆ ಎಷ್ಟು ಹೊತ್ತಾದರೂ ಕೂತು ಮಾತಾಡೋಣ.