ಕಪಾಟಿನ 41 ಫಿಗರ್‌ಗಳಿಗೆ ಮತ್ತೆ ಅಂಕ ಹಾಕುತ್ತಿದ್ದೇನೆ

ಮೊದಲ ವಾರ

ನನ್ನ ಕಪಾಟಿನಲ್ಲಿ ಈಗ 41 ಸೈನ್ಸ್ ಫಿಕ್ಷನ್ ಆಕ್ಷನ್ ಫಿಗರ್‌ಗಳಿವೆ, ಅಂದರೆ ಕೈಕಾಲು ಆಡಿಸಿ ನಿಲ್ಲಿಸಬಹುದಾದ ಬೊಂಬೆಗಳು. ಬಾಹ್ಯಾಕಾಶ ಯೋಧರು, ರೋಬೋಗಳು, ಬೇರೆ ಗ್ರಹದ ಜೀವಿಗಳು, ನಾಲ್ಕು ಜನ ಪೈಲಟ್‌ಗಳು. ಹನ್ನೊಂದು ವರ್ಷದಿಂದ ಒಂದೊಂದಾಗಿ ಸೇರಿಸಿದ್ದು. ಪ್ರತಿಯೊಂದೂ ಕೈಗೆ ಬಂದ ದಿನವೇ ನೋಟ್‌ಬುಕ್ಕಿನಲ್ಲಿ ಹತ್ತಕ್ಕೆ ಎಷ್ಟು ಅಂತ ಬರೆದಿಟ್ಟಿದ್ದೇನೆ.

ಮೊನ್ನೆ ಧೂಳು ಒರೆಸಲು ಎಲ್ಲವನ್ನೂ ಕೆಳಗಿಳಿಸಿದೆ. ಒಂಬತ್ತೂವರೆ ಅಂಕ ಪಡೆದಿದ್ದ ಒಬ್ಬ ಯೋಧ ಮೇಜಿನ ಮೇಲೆ ನಿಲ್ಲಲೇ ಇಲ್ಲ. ಎಷ್ಟು ಸಲ ಎತ್ತಿ ನಿಲ್ಲಿಸಿದರೂ ಮುಂದಕ್ಕೆ ವಾಲುತ್ತಿದ್ದ. ಅವನ ಪಕ್ಕದಲ್ಲೇ ಆರು ಅಂಕದ ಹಳೆಯ ರೋಬೋ ಒಂದಿಷ್ಟೂ ಅಲ್ಲಾಡದೆ ನಿಂತಿತ್ತು. ಹಾಗಾದರೆ ಈ ನೋಟ್‌ಬುಕ್ಕಿನ ಅಂಕಗಳನ್ನು ನಂಬುವುದು ಹೇಗೆ? ಅದಕ್ಕೇ ಎಲ್ಲವನ್ನೂ ಮೊದಲಿಂದ ಪರೀಕ್ಷೆ ಮಾಡಿ, ಹೊಸದಾಗಿ ಅಂಕ ಹಾಕಲು ಕೂತಿದ್ದೇನೆ. ಏನೇನು ಕಂಡಿತೋ ಅದನ್ನು ಇಲ್ಲಿ ಬರೆಯುತ್ತಾ ಹೋಗುತ್ತೇನೆ.

ಹಳೆಯ ಟಿಪ್ಪಣಿಗಳನ್ನು ಓದಿದಾಗ ಒಂದು ವಿಷಯ ತಕ್ಷಣ ಗೊತ್ತಾಯಿತು. ನಾನು ಅಂಕ ಕೊಟ್ಟಿದ್ದೆಲ್ಲಾ ಮುಖಕ್ಕೆ. "ಮುಖ ಅದ್ಭುತ", "ಕಣ್ಣು ಸ್ವಲ್ಪ ಸೊಟ್ಟ", "ಹೆಲ್ಮೆಟ್ ಒಳಗಿನ ಮುಖವೂ ಚೆನ್ನಾಗಿದೆ". ಕಾಲಿನ ಬಗ್ಗೆ 41ರಲ್ಲಿ ಮೂರೇ ಮೂರು ಕಡೆ ಬರೆದಿದ್ದೇನೆ.

ಎರಡನೇ ವಾರ

ಮೊದಲು ಮುಖದ ಲೆಕ್ಕವನ್ನೇ ಸರಿಮಾಡೋಣ ಅಂತ ಭೂತಗನ್ನಡಿ ಹಿಡಿದು ಕೂತೆ.

ಆರು ಇಂಚಿನ ಫಿಗರ್ ಅಂದರೆ ಹೆಚ್ಚುಕಡಿಮೆ 1:12 ಅಳತೆ, ನಿಜವಾದ ಮನುಷ್ಯನ ಹನ್ನೆರಡರಲ್ಲಿ ಒಂದು ಪಾಲು. ಮನುಷ್ಯನ ಕಣ್ಣಿನ ಬಣ್ಣದ ವೃತ್ತ ಸುಮಾರು 12 ಮಿ.ಮೀ. ಇರುತ್ತದೆ. ಫಿಗರ್‌ನಲ್ಲಿ ಅದು ಒಂದೇ ಒಂದು ಮಿಲಿಮೀಟರ್. ಅಚ್ಚು ಹಾಕುವಾಗ ಅದು ಕಾಲು ಮಿ.ಮೀ. ಪಕ್ಕಕ್ಕೆ ಸರಿದರೆ, ನಿಜವಾದ ಮುಖದಲ್ಲಿ ಮೂರು ಮಿ.ಮೀ. ಸರಿದ ಹಾಗೆ. ಆಗ ನೋಟವೇ ಬೇರೆ ಆಗಿಬಿಡುತ್ತದೆ. ಒಂದೇ ಪಾತ್ರದ ಹತ್ತು ಪೆಟ್ಟಿಗೆಗಳನ್ನು ಸಾಲಾಗಿ ನೋಡಿದರೆ ಹತ್ತು ಬೇರೆ ಬೇರೆ ಜನ ಕಾಣುವುದು ಇದರಿಂದಲೇ.

ಕಣ್ಣು, ಹುಬ್ಬು, ಎದೆಯ ಮೇಲಿನ ಚಿಕ್ಕ ಗುರುತುಗಳನ್ನು ಬಹಳ ಕಾಲದಿಂದ ಟ್ಯಾಂಪೋ ವಿಧಾನದಲ್ಲಿ ಅಚ್ಚು ಹಾಕುತ್ತಾರೆ. ಕೊರೆದ ತಟ್ಟೆಯ ಮೇಲಿನ ಶಾಯಿಯನ್ನು ಮೆತ್ತನೆಯ ಸಿಲಿಕಾನ್ ಗುಂಡು ಎತ್ತಿಕೊಂಡು ಮುಖಕ್ಕೆ ಒತ್ತುತ್ತದೆ. ಬಣ್ಣಕ್ಕೊಂದು ಸಲ ಒತ್ತಬೇಕು. ಪ್ರತಿ ಸಲವೂ ಸ್ವಲ್ಪ ಸರಿಯುವ ಸಾಧ್ಯತೆ ಇದೆ. ಈಚಿನ ವರ್ಷಗಳಲ್ಲಿ ಮುಖವನ್ನು ನೇರವಾಗಿ ಡಿಜಿಟಲ್ ಪ್ರಿಂಟ್ ಮಾಡುವ ಕಂಪನಿಗಳು ಜಾಸ್ತಿಯಾಗಿವೆ. ಭೂತಗನ್ನಡಿಯಲ್ಲಿ ಪತ್ರಿಕೆಯ ಫೋಟೋದ ಹಾಗೆ ಸಣ್ಣ ಸಣ್ಣ ಚುಕ್ಕೆಗಳು ಕಾಣುತ್ತವೆ. ಒಂದು ಅಡಿ ದೂರ ಹಿಡಿದರೆ ಚರ್ಮ ಜೀವಂತವಾಗಿದೆ ಅನ್ನಿಸುತ್ತದೆ. ನನಗೆ ಇದು ನಿಜಕ್ಕೂ ದೊಡ್ಡ ಸುಧಾರಣೆ. ಮುಖಕ್ಕೆ ಅಂಕ ಕೊಡುವುದನ್ನು ನಾನು ನಿಲ್ಲಿಸುವುದಿಲ್ಲ. ಆದರೆ ಇನ್ನು ಮುಂದೆ ಹತ್ತರಲ್ಲಿ ಎರಡೇ ಅಂಕ ಅದಕ್ಕೆ.

ಭೂತಗನ್ನಡಿಯನ್ನು ಅಲ್ಲಿಗೇ ಬದಿಗಿಟ್ಟೆ. ಮುಖವನ್ನು ಕೈಯಳತೆ ದೂರದಿಂದ, ಮೇಲಿನಿಂದ ಬೆಳಕು ಬೀಳುವ ಹಾಗೆ ಹಿಡಿದು ನೋಡುವುದೇ ಸರಿ. ಕಪಾಟಿನಲ್ಲಿ ಅದು ಕಾಣುವುದು ಹಾಗೆಯೇ ಅಲ್ವಾ.

ನಾಲ್ಕನೇ ವಾರ

ಕೀಲುಗಳ ಸರದಿ. ಈ ವಾರ ಒಂದು ನಷ್ಟವೂ ಆಯಿತು.

ಪೈಲಟ್‌ಗಳಲ್ಲಿ ಒಬ್ಬನ ಬಲ ಮೊಣಕೈ ಬಿಗಿಯಾಗಿತ್ತು. ಸ್ವಲ್ಪ ಒತ್ತಿದರೆ ಬಿಟ್ಟುಕೊಳ್ಳುತ್ತದೆ ಅಂದುಕೊಂಡು ಒತ್ತಿದೆ. ಟಕ್ ಅಂತ ಶಬ್ದ ಬಂತು. ಕೀಲಿನ ಒಳಗಿನ ಕಡ್ಡಿ ತಿರುಚಿಕೊಂಡು ತುಂಡಾಗಿತ್ತು. ಏಳು ವರ್ಷದಿಂದ ಜೊತೆಗಿದ್ದ ಫಿಗರ್. ಆ ಸಂಜೆ ಇನ್ನೇನನ್ನೂ ಮುಟ್ಟಲಿಲ್ಲ.

ಒಡೆದ ಕಡೆ ನೋಡಿದಾಗ ಕಾರಣ ಕಂಡಿತು. ಬಣ್ಣ ಕೀಲಿನ ಸಂದಿಗೆ ಇಳಿದು ಅಂಟಿನ ಹಾಗೆ ಹಿಡಿದಿತ್ತು. ಇದು ಹೊಸ ಫಿಗರ್‌ಗಳಲ್ಲೂ ಆಗುತ್ತದೆ. ಹೊಸದನ್ನು ಪೆಟ್ಟಿಗೆಯಿಂದ ತೆಗೆದ ತಕ್ಷಣ ಕೈಕಾಲು ತಿರುಗಿಸಲು ಹೋಗಬಾರದು. ಬಿಗಿಯಾಗಿದ್ದರೆ ಆ ಕೀಲನ್ನು ಒಂದೆರಡು ನಿಮಿಷ ಬಿಸಿನೀರಿನಲ್ಲಿ ಇಡಿ, ಅಥವಾ ಹೇರ್ ಡ್ರೈಯರ್ ಹಿಡಿಯಿರಿ. ಕೈಗೆ ಚೆನ್ನಾಗಿ ಬಿಸಿ ತಾಗಬೇಕು, ಕುದಿಯುವ ನೀರು ಬೇಡ. ಪ್ಲಾಸ್ಟಿಕ್ ಮೆದುವಾಗುತ್ತದೆ, ಹಿಡಿತ ಬಿಡುತ್ತದೆ. ಆಮೇಲೆ ನಿಧಾನವಾಗಿ ಆ ಕಡೆ ಈ ಕಡೆ ಆಡಿಸಿ. ಇದು ನನಗೆ ಗೊತ್ತಿತ್ತು. ಬೇರೆಯವರಿಗೆ ಎಷ್ಟೋ ಸಲ ಹೇಳಿದ್ದೇನೆ. ಆ ದಿನ ಅವಸರ ಮಾಡಿದೆ, ತಪ್ಪಾಯಿತು.

ರಿಪೇರಿ ಹೀಗೆ ಮಾಡಿದೆ. ತುಂಡಾದ ಎರಡೂ ಕಡೆ ಒಂದು ಮಿ.ಮೀ. ತೂತು ಕೊರೆದು, ಹಿತ್ತಾಳೆ ತಂತಿಯ ಚೂರನ್ನು ಒಳಗೆ ಕೂರಿಸಿ, ಸೂಪರ್ ಗ್ಲೂ ಹಾಕಿದೆ. ಬರೀ ಅಂಟಿನಿಂದ ಜೋಡಿಸಿದರೆ ಮೊದಲ ಸಲ ಬಗ್ಗಿಸಿದಾಗಲೇ ಬಿಟ್ಟುಹೋಗುತ್ತದೆ. ಒಳಗೆ ತಂತಿ ಇದ್ದರೆ ನಿಲ್ಲುತ್ತದೆ. ಈಗ ಮೊಣಕೈ ಬಾಗುತ್ತದೆ, ಆದರೆ ಮೊದಲಿನಷ್ಟು ಅಲ್ಲ.

ಕೀಲಿನ ಗುಣ ಅದರ ಪ್ಲಾಸ್ಟಿಕ್ ಮೇಲೆ ನಿಂತಿದೆ. ಗಟ್ಟಿ ಭಾಗಗಳಿಗೆ ಎಬಿಎಸ್ ಬಳಸುತ್ತಾರೆ, ರಕ್ಷಾಕವಚ, ಬಂದೂಕು, ರೋಬೋದ ಮೈ ಎಲ್ಲ ಅದರಲ್ಲೇ. ತಲೆ, ಕೈಬೆರಳು, ಮೇಲಂಗಿಯಂಥ ಮೆತ್ತಗಿನ ಭಾಗಗಳಿಗೆ ಪಿವಿಸಿ. ಉಜ್ಜಿದರೂ ಬೇಗ ಸವೆಯದ ಪಿಒಎಂ ಎಂಬ ಪ್ಲಾಸ್ಟಿಕ್ಕನ್ನು ಕೆಲವು ಜಪಾನಿ ಫಿಗರ್‌ಗಳ ಚಿಕ್ಕ ಕೀಲುಗಳಲ್ಲಿ ಹಾಕುತ್ತಾರೆ. ಮುಟ್ಟಿದರೆ ಸ್ವಲ್ಪ ಜಾರುವ ಹಾಗಿರುತ್ತದೆ, ಅಂಟು ಸುಲಭವಾಗಿ ಹಿಡಿಯುವುದಿಲ್ಲ. ಅದು ಮುರಿದರೆ ರಿಪೇರಿ ಬಹಳ ಕಷ್ಟ. ಆದರೆ ಹತ್ತು ವರ್ಷ ಆದರೂ ಸಡಿಲವಾಗದ ನನ್ನ ಎರಡು ಫಿಗರ್‌ಗಳ ಕೀಲು ಅದೇ.

ಎಷ್ಟು ಕೀಲು ಇದೆ ಅಂತ ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದಿರುತ್ತಾರೆ. ಆ ಸಂಖ್ಯೆಗೆ ನಾನು ಇನ್ನು ಮುಂದೆ ಅಂಕ ಕೊಡುವುದಿಲ್ಲ. ಮುಖ್ಯವಾದ ಕೀಲು ಪಾದದ್ದು. ಕಾಲು ಅಗಲಿಸಿ ನಿಲ್ಲಿಸಿದಾಗ ಪಾದ ಪಕ್ಕಕ್ಕೂ ವಾಲಬೇಕು, ಆಗಲೇ ಅಂಗಾಲು ಪೂರ್ತಿ ನೆಲಕ್ಕೆ ತಾಗುವುದು. ಇದನ್ನು ಆಂಕಲ್ ರಾಕರ್ ಅನ್ನುತ್ತೇವೆ. ಮೂವತ್ತು ಕೀಲು ಇದ್ದು ಇದೊಂದು ಇಲ್ಲದಿದ್ದರೆ ಫಿಗರ್ ಪಾದದ ಅಂಚಿನ ಮೇಲೆ ನಿಲ್ಲುತ್ತದೆ. ಒಂಬತ್ತೂವರೆ ಅಂಕದ ನನ್ನ ಯೋಧನಿಗೆ ಇಲ್ಲದ್ದು ಇದೇ.

ವಾರದ ಕೊನೆಗೆ ನಿಲ್ಲುವ ಪರೀಕ್ಷೆ ಶುರು ಮಾಡಿದೆ. ಬಿಳಿ ಹಾಳೆಯ ಮೇಲೆ ಎಲ್ಲವನ್ನೂ ಸ್ಟ್ಯಾಂಡ್ ಇಲ್ಲದೆ ನಿಲ್ಲಿಸಿ, ಪಾದದ ಸುತ್ತ ಪೆನ್ಸಿಲ್ ಗೆರೆ ಹಾಕಿ, ಪಕ್ಕದಿಂದ ಒಂದೊಂದು ಫೋಟೋ ತೆಗೆದೆ. 30 ದಿನ ಯಾರೂ ಮುಟ್ಟುವಂತಿಲ್ಲ.

ಆರನೇ ವಾರ

ಪರೀಕ್ಷೆ ನಡೆಯುತ್ತಿರುವಾಗ ಹಳೆಯದರ ಮೇಲೆ ಸ್ವಲ್ಪ ಸಮಯ ಕಳೆದೆ. ಆರು ಅಂಕದ ಆ ರೋಬೋ ಪಕ್ಕದಲ್ಲೇ ನಿಲ್ಲುವ ಒಬ್ಬ ಸೈನಿಕ ನನ್ನ ಬಳಿ ಇದ್ದಾನೆ, ಕೆನ್ನರ್ ಕಂಪನಿ 1978ರಲ್ಲಿ ಮಾರಲು ಶುರುಮಾಡಿದ ಸ್ಟಾರ್ ವಾರ್ಸ್ ಸರಣಿಯವನು. ಎತ್ತರ ಮೂರೂ ಮುಕ್ಕಾಲು ಇಂಚು. ಕೀಲು ಐದೇ: ಕುತ್ತಿಗೆ, ಎರಡು ಭುಜ, ಎರಡು ತೊಡೆ. ಮೊಣಕಾಲು ಬಾಗುವುದಿಲ್ಲ, ಮೊಣಕೈ ಬಾಗುವುದಿಲ್ಲ.

"ಆಕ್ಷನ್ ಫಿಗರ್" ಅನ್ನುವ ಹೆಸರು ಬಂದದ್ದು 1964ರಲ್ಲಿ, ಹ್ಯಾಸ್‌ಬ್ರೋ ಕಂಪನಿಯ ಜಿ.ಐ. ಜೋ ಜೊತೆ. ಅದು ಹನ್ನೆರಡು ಇಂಚಿನ ಬೊಂಬೆ. ಅಷ್ಟು ಎತ್ತರದ ಪೈಲಟ್‌ಗೆ ಹೊಂದುವ ಬಾಹ್ಯಾಕಾಶ ನೌಕೆ ಮಾಡಿದರೆ ಮಗುವಿನ ಕೋಣೆಯಲ್ಲಿ ಹಿಡಿಯುವುದೇ ಇಲ್ಲ. ಕೆನ್ನರ್‌ನ ಚಿಕ್ಕ ಅಳತೆ ಆ ಕಷ್ಟವನ್ನು ಬಿಡಿಸಿತು. ಪೈಲಟ್ ನೌಕೆಯ ಒಳಗೆ ಕೂರಬಹುದಾಯಿತು. ಈ ಒಂದು ನಿರ್ಧಾರದಿಂದ ನಮ್ಮ ಹವ್ಯಾಸದ ರೂಪವೇ ಬದಲಾಯಿತು ಅಂತ ನನ್ನ ನಂಬಿಕೆ.

ನನ್ನ ಸೈನಿಕನ ಕಾಲಿನ ಹಿಂದೆ ಜಿ.ಎಂ.ಎಫ್.ಜಿ.ಐ. 1977 ಅಂತ ಚಿಕ್ಕದಾಗಿ ಮೂಡಿದೆ. ಆಗ ಕೆನ್ನರ್ ಇದ್ದದ್ದು ಜನರಲ್ ಮಿಲ್ಸ್ ಫನ್ ಗ್ರೂಪ್ ಕೆಳಗೆ, ಅದರ ಗುರುತು ಇದು. ಫಿಗರ್ ಅಸಲಿ. ಆದರೆ ಬಂದೂಕಿನ ಮೇಲೆ ನನಗೆ ಮೊದಲಿಂದ ಅನುಮಾನವಿತ್ತು. ಹಳೆಯ ಆಯುಧಗಳು ಸಾಮಾನ್ಯವಾಗಿ ನೀರಿನಲ್ಲಿ ತೇಲುತ್ತವೆ, ಈಚೆಗೆ ಮಾಡಿದ ನಕಲುಗಳು ಮುಳುಗುವುದೇ ಜಾಸ್ತಿ. ಲೋಟಕ್ಕೆ ಹಾಕಿದೆ, ಸೀದಾ ತಳಕ್ಕೆ ಹೋಯಿತು. ಈ ಪರೀಕ್ಷೆಯೊಂದನ್ನೇ ನಂಬುವಂತಿಲ್ಲ, ಅಪವಾದಗಳಿವೆ. ಹಾಗಾಗಿ ಟಾರ್ಚ್ ಹಿಡಿದು ಅಂಚುಗಳನ್ನೂ ನೋಡಿದೆ. ಹಿಡಿಯ ಗೀರುಗಳು ಮೊಂಡಾಗಿವೆ, ಅಸಲಿ ವಸ್ತುವಿನಿಂದ ಅಚ್ಚು ತೆಗೆದು ಮಾಡಿದ್ದರಲ್ಲಿ ಹೀಗೇ ಆಗುತ್ತದೆ. ಮಾರಿದವರು "ಪೂರ್ತಿ ಅಸಲಿ" ಅಂದಿದ್ದರು. ಬೇಸರವಾಯಿತು. ಬಂದೂಕನ್ನು ಬೇರೆ ಚೀಲಕ್ಕೆ ಹಾಕಿ "ನಕಲು" ಅಂತ ಚೀಟಿ ಅಂಟಿಸಿದೆ. ನಾಳೆ ಇದು ಯಾರ ಕೈಗೆ ಹೋದರೂ ಅವರಿಗೆ ಗೊತ್ತಿರಬೇಕು.

ಇನ್ನೊಂದು ಮಾತು. ಎಎಫ್‌ಎ (ಆಕ್ಷನ್ ಫಿಗರ್ ಅಥಾರಿಟಿ) ಥರದ ಸಂಸ್ಥೆಗಳು ಹಳೆಯ ಫಿಗರ್‌ಗಳನ್ನು ನೂರಕ್ಕೆ ಇಷ್ಟು ಅಂತ ಅಳೆದು, ಗಾಜಿನಂಥ ಪೆಟ್ಟಿಗೆಯಲ್ಲಿ ಮುಚ್ಚಿ ಕೊಡುತ್ತವೆ. ಅದು ಸ್ಥಿತಿಗೆ ಕೊಡುವ ಅಂಕ. ಫಿಗರ್ ಹಿಂದಿನ ರಟ್ಟಿನ ಕಾರ್ಡು ಬಾಗಿದೆಯೇ, ಮುಂದಿನ ಪ್ಲಾಸ್ಟಿಕ್ ಗುಳ್ಳೆ ಹಳದಿಯಾಗಿದೆಯೇ, ಇಂಥವು. ಕೆಟ್ಟದಾಗಿ ಮಾಡಿದ ಫಿಗರ್ ಕೂಡ ಪೆಟ್ಟಿಗೆ ಬಿಚ್ಚದೆ ಇದ್ದರೆ ಒಳ್ಳೆಯ ಅಂಕ ಪಡೆಯುತ್ತದೆ. ನಾನು ಅಳೆಯುತ್ತಿರುವುದು ಕೆಲಸ ಎಷ್ಟು ಚೆನ್ನಾಗಿ ಆಗಿದೆ ಅನ್ನುವುದನ್ನು.

ಒಂಬತ್ತನೇ ವಾರ

30 ದಿನ ಮುಗಿಯಿತು. 41ರಲ್ಲಿ 28 ಇದ್ದ ಹಾಗೇ ನಿಂತಿವೆ. ಒಂಬತ್ತು ವಾಲಿವೆ. ನಾಲ್ಕು ಬಿದ್ದಿವೆ.

ಫೋಟೋಗಳನ್ನು ಹೋಲಿಸಿದಾಗ ನನಗೆ ಆಶ್ಚರ್ಯವಾದದ್ದು, ವಾಲಿದ ಒಂಬತ್ತರಲ್ಲಿ ಆರರ ಕೀಲು ಸ್ವಲ್ಪವೂ ಸಡಿಲವಾಗಿಲ್ಲ. ಬಾಗಿದ್ದು ಕಾಲೇ. ಮೆತ್ತಗಿನ ಪಿವಿಸಿ ಕಾಲು ಮೇಲಿನ ಭಾರಕ್ಕೆ ದಿನದಿಂದ ದಿನಕ್ಕೆ ಚೂರು ಚೂರೇ ಬಗ್ಗುತ್ತದೆ. ದೊಡ್ಡ ಹೆಲ್ಮೆಟ್, ಬೆನ್ನಿಗೆ ಭಾರದ ಜೆಟ್‌ಪ್ಯಾಕ್, ಕೆಳಗೆ ಸಣ್ಣ ಕಾಲು ಇದ್ದರೆ ಬೇಗ ಬಗ್ಗುತ್ತದೆ. ಕೋಣೆ ಬೆಚ್ಚಗಿದ್ದರೆ ಇನ್ನೂ ಬೇಗ. ಅಂಗಡಿಯಲ್ಲಿ ಇದು ಗೊತ್ತಾಗುವುದೇ ಇಲ್ಲ. ಈಗ ಹೊಸದನ್ನು ಕೈಗೆತ್ತಿಕೊಂಡಾಗ ಮೊದಲು ಮೊಣಕಾಲಿನ ಕೆಳಗೆ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ನೋಡುತ್ತೇನೆ. ಅಲ್ಲಿ ರಬ್ಬರಿನ ಹಾಗೆ ಬಳುಕಿದರೆ ಅದು ಒಂದು ದಿನ ವಾಲುತ್ತದೆ.

ಬಾಗಿದ ಆರನ್ನೂ ಬಿಸಿನೀರಿನಲ್ಲಿ ಅದ್ದಿದೆ. ಪಿವಿಸಿಗೆ ತನ್ನ ಮೊದಲ ಅಚ್ಚಿನ ಆಕಾರದ ನೆನಪಿರುತ್ತದೆ, ಬಿಸಿಯಾದಾಗ ತಾನೇ ಅರ್ಧಕ್ಕರ್ಧ ನೆಟ್ಟಗಾಗುತ್ತದೆ. ಉಳಿದದ್ದನ್ನು ಕೈಯಲ್ಲಿ ಸರಿಮಾಡಿ, ತಕ್ಷಣ ತಣ್ಣೀರಿನಲ್ಲಿ ಹಿಡಿದೆ. ಐದು ಸರಿಯಾದವು. ಒಂದು ಮತ್ತೆ ವಾಲುತ್ತಿದೆ, ಅದಕ್ಕೆ ಸ್ಟ್ಯಾಂಡ್ ಕೊಟ್ಟೆ.

ನೆಟ್ಟಗೆ ನಿಂತ 28ರಲ್ಲಿ ಐದು ಕೀಲಿನ ಆ ಸೈನಿಕನೂ ಇದ್ದಾನೆ. ಆರು ಅಂಕದ ರೋಬೋ ಕೂಡ.

ಹನ್ನೆರಡನೇ ವಾರ

ಕೊನೆಗೆ ಉಳಿದದ್ದು ಕಾಲ ಕಳೆದಂತೆ ಪ್ಲಾಸ್ಟಿಕ್ಕಿಗೆ ಏನಾಗಿದೆ ಅನ್ನುವುದು.

ಮೂರು ಫಿಗರ್‌ಗಳು ಮುಟ್ಟಿದರೆ ಜಿಗುಟು. ಪಿವಿಸಿಯನ್ನು ಮೆತ್ತಗೆ ಮಾಡಲು ಬೆರೆಸಿದ ಎಣ್ಣೆಯಂಥ ವಸ್ತು ನಿಧಾನವಾಗಿ ಹೊರಗೆ ಬರುತ್ತಿದೆ. ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ತೊಳೆದೆ. ಸದ್ಯಕ್ಕೆ ಹೋಗಿದೆ, ಮತ್ತೆ ಬರುತ್ತದೆ. ಗಾಳಿ ಆಡಲಿ ಅಂತ ಕಪಾಟಿನ ಬಾಗಿಲನ್ನು ಸ್ವಲ್ಪ ತೆರೆದಿಟ್ಟಿದ್ದೇನೆ.

ಬಿಳಿ ಕವಚದ ಒಬ್ಬ ಯೋಧ ಕಿಟಕಿಯ ಕಡೆಗಿದ್ದ ಭುಜದಲ್ಲಿ ಮಾತ್ರ ಹಳದಿಯಾಗಿದ್ದಾನೆ. ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಸಿಲಿಗಿಟ್ಟರೆ ಬಿಳಿ ಆಗುತ್ತದೆ, ಎಷ್ಟೋ ಜನ ಮಾಡುತ್ತಾರೆ. ಆದರೆ ಹಳದಿ ಮತ್ತೆ ಮರಳಬಹುದು, ಮೇಲಿನ ಬಣ್ಣದ ಗುರುತುಗಳೂ ಮಾಸಬಹುದು. ನಾನು ಮಾಡುವುದಿಲ್ಲ. ಜಾಗ ಬದಲಿಸಿದೆ ಅಷ್ಟೆ.

ಎಲ್ಲಕ್ಕಿಂತ ನೋವಾದದ್ದು ಹನ್ನೆರಡು ಇಂಚಿನ ಫಿಗರ್. ಬಹಳ ದಿನ ಕಾದು ಕೊಂಡದ್ದು. ಅದರ ಕೃತಕ ಚರ್ಮದ ಜಾಕೆಟ್ ಮೊಣಕೈ ಹತ್ತಿರ ಸಿಪ್ಪೆಯ ಹಾಗೆ ಏಳುತ್ತಿದೆ. ಆ ಬಟ್ಟೆಯ ಮೇಲಿನ ಪಾಲಿಯುರೆಥೇನ್ ಪದರವನ್ನು ಗಾಳಿಯ ತೇವ ವರ್ಷಗಟ್ಟಲೆ ತಿನ್ನುತ್ತದೆ. ಮಡಿಕೆ ಬಿದ್ದಲ್ಲಿ ಮೊದಲು ಬಿರಿಯುತ್ತದೆ. ಏಳು ವರ್ಷ ನಾನು ಅದನ್ನು ಕೈ ಕಟ್ಟಿದ ಭಂಗಿಯಲ್ಲೇ ನಿಲ್ಲಿಸಿದ್ದೆ. ಈಗ ಕೈ ಇಳಿಬಿಟ್ಟು ನಿಲ್ಲಿಸಿ, ಪಕ್ಕದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಟ್ಟಿದ್ದೇನೆ. ಏನೂ ಮಾಡದೆ ಬಿಡಲು ಮನಸ್ಸು ಬರಲಿಲ್ಲ.

ಹೊಸ ಅಂಕಪಟ್ಟಿ ತಯಾರಾಗಿದೆ. ನಿಲ್ಲುವುದಕ್ಕೆ ಮೂರು, ಕೀಲಿಗೆ ಎರಡು, ಪ್ಲಾಸ್ಟಿಕ್ಕಿಗೆ ಎರಡು, ಮುಖಕ್ಕೆ ಎರಡು, ಉಳಿದ ಬಣ್ಣಕ್ಕೆ ಒಂದು. ಒಂಬತ್ತೂವರೆಯ ಯೋಧ ಐದೂವರೆಗೆ ಇಳಿದ. ಆರರ ರೋಬೋ ಎಂಟಕ್ಕೆ ಏರಿತು. 41ರಲ್ಲಿ 26ರ ಅಂಕ ಬದಲಾಗಿದೆ.

ನಿನ್ನೆ 42ನೆಯದು ಬಂತು. ಆರು ಕೈಗಳ ಒಂದು ಅನ್ಯಗ್ರಹ ಜೀವಿ. ಮುಖ ತುಂಬಾ ತುಂಬಾ ಚೆನ್ನಾಗಿದೆ. ಕೀಲುಗಳನ್ನೆಲ್ಲಾ ಬಿಸಿ ಮಾಡಿ ಬಿಡಿಸಿದೆ, ಪಾದದ ಸುತ್ತ ಪೆನ್ಸಿಲ್ ಗೆರೆ ಹಾಕಿದೆ, ತಾರೀಖು ಬರೆದೆ. ಅಂಕದ ಜಾಗ ಇನ್ನು 30 ದಿನ ಖಾಲಿ.